ಹಳೇ ಕಾರಿಗೆ ಕನ್ನಡಿ ಹಾಕಿಸಿದ್ದು

ನಮ್ಮ ಮನೆಯ ಕಾರಿಗೆ ಹೊರಗಡೆ ಕನ್ನಡಿ ಇರಲಿಲ್ಲ. ಅದು ತಯಾರಾದ ಕಾಲದಲ್ಲಿ ಕಾರುಗಳು ಹಾಗೆಯೇ ಬರುತ್ತಿದ್ದವಂತೆ. ಒಳಗೆ, ಮುಂದಿನ ಗಾಜಿನ ನೆತ್ತಿಯಲ್ಲಿ, ಅಂಗೈಯಗಲದ ಒಂದು ಕನ್ನಡಿ, ಅಷ್ಟೇ. ಹಿಂದಿನ ಗಾಜೂ ಚಿಕ್ಕದು. ಹಾಗಾಗಿ ಆ ಕನ್ನಡಿಯಲ್ಲಿ ಹಿಂದಿನ ಸೀಟಿನ ಬೆನ್ನು, ಅದರ ಮೇಲೆ ಒಂದು ಚೂರು ರಸ್ತೆ, ಒಂದು ಚೂರು ಆಕಾಶ ಕಾಣುತ್ತಿದ್ದವು.

ಮಾವನವರು ಅದನ್ನು ಮೈಸೂರಿನ ಡಾಕ್ಟರೊಬ್ಬರಿಂದ ಕೊಂಡು ತಂದಾಗ ನಾನಿನ್ನೂ ಆ ಮನೆಗೆ ಸೊಸೆಯಾಗಿ ಬಂದಿರಲಿಲ್ಲ. ದುಂಡು ಮೂತಿ, ದುಂಡು ಬೆನ್ನು, ಹೆಸರುಕಾಳಿನ ಬಣ್ಣ. ಮಾವನವರ ನಂತರ ಅದು ನನ್ನ ಯಜಮಾನರ ಕೈಗೆ ಬಂತು. ಭಾನುವಾರ ಬೆಳಿಗ್ಗೆ ಹಳೆಯ ಪಂಚೆಯ ತುಂಡು ಹಿಡಿದು ಅದರ ಮುಂದೆ ಕೂತರೆಂದರೆ ತಿಂಡಿಗೆ ಎಷ್ಟು ಕರೆದರೂ ಏಳುತ್ತಿರಲಿಲ್ಲ. ಅವರಿಗೆ ಕನ್ನಡಿಯ ಅಗತ್ಯವೇ ಬೀಳಲಿಲ್ಲ. ಬಲ ಮೊಣಕೈಯನ್ನು ಕಿಟಕಿಯ ಮೇಲಿಟ್ಟುಕೊಂಡು, ಬೇಕಾದಾಗ ಕುತ್ತಿಗೆಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ನೋಡುತ್ತಿದ್ದರು. ಎಡಗಡೆಗೆ ನಾನಿದ್ದೆನಲ್ಲ. "ಏನಾದ್ರೂ ಬರ್ತಿದ್ಯೇನೇ?" ಎಂದು ಕೇಳುವರು. ನಾನು ತಲೆ ಹೊರಗೆ ಹಾಕಿ ನೋಡಿ ಹೇಳುವೆ.

ಅವರು ತೀರಿಕೊಂಡ ಮೇಲೆ ಕಾರು ಆರೇಳು ತಿಂಗಳು ಶೆಡ್ಡಿನಲ್ಲೇ ನಿಂತಿತ್ತು. ನಾನಿರುವುದು ನಂಜನಗೂಡಿನಲ್ಲಿ, ಪಾಠ ಮಾಡುವುದು ಟಿ. ನರಸೀಪುರದ ಒಂದು ಪಿಯು ಕಾಲೇಜಿನಲ್ಲಿ. ಮೊದಲೆಲ್ಲ ಬಸ್ಸಿನಲ್ಲೇ ಓಡಾಡುತ್ತಿದ್ದೆ. ಹೆಂಗಸರಿಗೆ ಟಿಕೆಟ್ಟಿಲ್ಲವೆಂದಾದ ಮೇಲೆ ಬೆಳಗಿನ ಬಸ್ಸಿನಲ್ಲಿ ನಿಲ್ಲುವುದಕ್ಕೂ ಜಾಗ ಸಿಗದಂತಾಯಿತು. ಹೋಗುವವರೂ ಪಾಪ ಕೆಲಸಕ್ಕೆ ಹೋಗುವವರೇ, ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ನನ್ನ ಸೊಂಟ ಕೇಳಬೇಕಲ್ಲ. ಅಷ್ಟು ದೂರ ಕಂಬಿ ಹಿಡಿದು ನಿಂತು ಹೋಗಿ, ಮತ್ತೆ ತರಗತಿಯಲ್ಲಿ ನಿಂತು, ಮತ್ತೆ ನಿಂತು ಬಂದರೆ, ಸಂಜೆ ಅನ್ನಕ್ಕಿಡುವಷ್ಟೂ ತ್ರಾಣ ಉಳಿಯುತ್ತಿರಲಿಲ್ಲ.

"ಆ ಹಳೇದನ್ನ ಮಾರ್ಬಿಟ್ಟು ಒಂದು ಸಣ್ಣ ಹೊಸ ಕಾರು ತಗೊಳ್ಳಿ ಮೇಡಂ" ಎಂದು ಕಾಲೇಜಿನಲ್ಲಿ ಎಲ್ಲರೂ ಹೇಳಿದರು. ಸರಿಯಾದ ಮಾತೇ. ಆದರೆ ಹೊಸದನ್ನು ನೋಡಲು ಹೋಗಬೇಕು, ಆರಿಸಬೇಕು, ಮೊದಲಿಂದ ಕಲಿಯಬೇಕು. ಆಗೆಲ್ಲ ನಾನು ಅಂಗಡಿಯಲ್ಲಿ ಒಂದು ಸೋಪು ಆರಿಸುವುದಕ್ಕೂ ದಣಿಯುತ್ತಿದ್ದೆ. ಈ ಕಾರನ್ನು ಓಡಿಸಲು ನನಗೆ ಬರುತ್ತಿತ್ತು; ಮದುವೆಯಾದ ಹೊಸದರಲ್ಲಿ ಯಜಮಾನರೇ ಕಲಿಸಿದ್ದರು. ಬ್ಯಾಟರಿ ಹೊಸದು ಹಾಕಿಸಿದೆ, ಶೆಡ್ಡಿನಿಂದ ಹೊರಗೆ ತೆಗೆದೆ, ಹೋಗಿ ಬರಲು ಶುರು ಮಾಡಿದೆ.

ಒಂದು ಶನಿವಾರ ಮೈಸೂರಿಗೆ ಕಣ್ಣು ತೋರಿಸಲು ಹೋಗಿದ್ದೆ. ವಾಪಸು ಬರುವಾಗ ತಾಂಡ್ಯದ ಹತ್ತಿರ ಫ್ಯಾಕ್ಟರಿಗಳ ಶಿಫ್ಟು ಬಿಟ್ಟಿತ್ತು. ಜನ ಸೈಕಲ್ಲು, ಸ್ಕೂಟರುಗಳಲ್ಲಿ ರಸ್ತೆಗೆ ಇಳಿಯುತ್ತಿದ್ದರು. ನನ್ನ ಮುಂದೆ ಒಂದು ಕಂಪನಿ ಬಸ್ಸು ನಿಂತಿತು. ಒಳಗಿನ ಕನ್ನಡಿ ನೋಡಿದೆ, ಏನೂ ಕಾಣಲಿಲ್ಲ. ಕುತ್ತಿಗೆ ತಿರುಗಿಸಲು ಹೋದೆ, ಭುಜದವರೆಗೆ ತಿರುಗಿ ಅಲ್ಲಿಗೇ ನಿಂತಿತು. ಅದು ಹಾಗೆ ಹಿಡಿದುಕೊಳ್ಳಲು ಶುರುವಾಗಿ ಬಹಳ ದಿನವಾಗಿತ್ತು. ಬಲಗೈ ಹೊರಗೆ ಚಾಚಿ, ಸ್ಟೀರಿಂಗನ್ನು ಮೆಲ್ಲಗೆ ಬಲಕ್ಕೆ ಎಳೆದೆ.

ಕಿವಿಯ ಪಕ್ಕದಲ್ಲೇ ಕಿರ್ರೆಂದು ಬ್ರೇಕಿನ ಸದ್ದು. ಆಮೇಲೆ ತಗಡು ರಸ್ತೆಗೆ ಉಜ್ಜಿದ ಸದ್ದು.

ಇಳಿದು ನೋಡಿದರೆ ಒಂದು ಸ್ಕೂಟರು ಮಗ್ಗುಲಾಗಿ ಬಿದ್ದಿತ್ತು. ಓಡಿಸುತ್ತಿದ್ದ ಗಂಡಸು ಆಗಲೇ ಎದ್ದು ಹೆಂಡತಿಯನ್ನು ಎಬ್ಬಿಸುತ್ತಿದ್ದ. ಇಬ್ಬರ ಮೈಮೇಲೂ ಒಂದೇ ಕಂಪನಿಯ ನೀಲಿ ಅಂಗಿ. ಅವಳ ಅಂಗೈ ತರಚಿ ರಕ್ತ ಒಸರುತ್ತಿತ್ತು. ಕಾರಿನೊಳಗಿದ್ದ ನೀರಿನ ಬಾಟಲಿ ತಂದು ಅವಳ ಕೈಮೇಲೆ ಸುರಿದೆ. ಅರ್ಧ ನೀರು ರಸ್ತೆಗೇ ಹೋಯಿತು. ಅವಳೇ ಇನ್ನೊಂದು ಕೈಯಿಂದ ಬಾಟಲಿ ಹಿಡಿದುಕೊಂಡಳು.

"ಆಸ್ಪತ್ರೆಗೆ ಹೋಗೋಣ ಬಾಮ್ಮ" ಎಂದೆ.

"ಬ್ಯಾಡ ಕಣಕ್ಕ, ಚರ್ಮ ಅಷ್ಟೇ ಓಗಿರದು" ಎಂದಳು.

ಗಂಡ ನನ್ನ ಕಾರಿನ ಬಾಗಿಲನ್ನು ನೋಡುತ್ತ ನಿಂತಿದ್ದ. ಬೈಯುತ್ತಾನೆಂದು ಕಾದೆ. ಬೈದಿದ್ದರೆ ನನಗೂ ಸ್ವಲ್ಪ ಹಗುರವಾಗುತ್ತಿತ್ತೇನೋ. ಅವನು ಕಾರಿನ ಸುತ್ತ ಒಂದು ಸುತ್ತು ಬಂದು, "ಕನ್ನಡೀನೇ ಇಲ್ವಲ್ಲ ಮೇಡಮ್ಮೋರೇ" ಎಂದ. "ಮೊದ್ಲು ಕನ್ನಡಿ ಆಕ್ಸಿ. ನಮ್ಗೂ ಮನೇಲಿ ಮಕ್ಳವೆ." ಅಷ್ಟು ಹೇಳಿ ಸ್ಕೂಟರು ಎತ್ತಿ, ಹೆಂಡತಿಯನ್ನು ಕೂರಿಸಿಕೊಂಡು ಹೊರಟುಹೋದ.

ಮನೆಗೆ ಬಂದು ಕಳಲೆಗೆ ಫೋನು ಮಾಡಿದೆ. ಅಲ್ಲಿ ನನ್ನ ಮೈದುನ ಇದ್ದಾನೆ, ಯಜಮಾನರ ತಮ್ಮ. ಜಮೀನು ನೋಡಿಕೊಂಡು, ಲಕ್ಷ್ಮೀಕಾಂತನ ಗುಡಿಯ ಕೆಲಸಕ್ಕೆ ಕೈಜೋಡಿಸಿಕೊಂಡು ಇರುವವನು. ನಾನು ಮದುವೆಯಾಗಿ ಬಂದಾಗ ಹೈಸ್ಕೂಲಿನಲ್ಲಿದ್ದ. ನಡೆದದ್ದನ್ನು ಹೇಳಿ, ಬಾಗಿಲಿಗೆ ಕನ್ನಡಿ ಹಾಕಿಸುತ್ತೇನೆಂದೆ.

"ಬಾಗಿಲಿಗೆ ತೂತು ಹೊಡೀಬೇಕಾಗತ್ತಲ್ಲ ಅತ್ತಿಗೆ" ಎಂದ.

"ಹೊಡೀಬೇಕಾಗಬಹುದು."

"ಹೊಡೆದರೆ ಅದರ ಅಸಲಿತನವೇ ಹೋಗ್ಬಿಡತ್ತೆ. ಮೈಸೂರಲ್ಲಿ ಹಳೇ ಕಾರುಗಳ ಮೆರವಣಿಗೆ ಮಾಡ್ತಾರಲ್ಲ, ಅದಕ್ಕೆ ಸೇರಿಸ್ಬೇಕು ಅಂತ ಅಣ್ಣ ಎಷ್ಟು ಸಲ ಹೇಳಿದ್ದ. ಕಂಪನಿಯಿಂದ ಹೇಗೆ ಬಂದಿತ್ತೋ ಹಾಗೇ ಇದ್ರೆ ಮಾತ್ರ ಬೆಲೆ. ನಿಮಗೆ ಓಡಾಡೋಕೆ ಬೇಕಾದ್ರೆ ಬೇರೆ ವ್ಯವಸ್ಥೆ ಮಾಡೋಣ. ಅದನ್ನ ಹಾಗೇ ಬಿಡಿ."

ಬೇರೆ ವ್ಯವಸ್ಥೆ ಏನೆಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ತೂತಿಲ್ಲದೆ ಆದರೆ ನೋಡುತ್ತೇನೆ ಎಂದು ಫೋನಿಟ್ಟೆ.

ಟಿ. ನರಸೀಪುರದಲ್ಲಿ ಕಾಲೇಜಿನಿಂದ ಸ್ವಲ್ಪ ಮುಂದೆ ಒಂದು ಗ್ಯಾರೇಜಿದೆ. ಟ್ರ್ಯಾಕ್ಟರುಗಳೇ ಅಲ್ಲಿ ಹೆಚ್ಚು. ಅದರ ಯಜಮಾನ ನನ್ನ ವಯಸ್ಸಿನವನೇ, ಬಲು ಮಾತುಗಾರ. ಕಾರನ್ನು ಕಂಡು ಹಿಗ್ಗಿ, ಬಾನೆಟ್ಟು ಎತ್ತಿಸಿ, ಕನ್ನಡಿಗೆ ಸಂಬಂಧವೇ ಇಲ್ಲದ ಎಲ್ಲವನ್ನೂ ಮುಟ್ಟಿ ನೋಡಿದ. ತೂತು ಬೇಡವೆಂದೆ.

"ಅದ್ಕೇನಂತೆ, ಕ್ಲಾಂಪು ಆಕುವಾ. ಬಾಗ್ಲಂಚ್ಗೆ ಕಚ್ಕಂಡ್ ಕೂತ್ಕತದೆ. ಅಲ್ಲಾಡಾಕಿಲ್ಲ" ಎಂದ.

ಎರಡೂ ಬಾಗಿಲಿನ ಅಂಚಿಗೆ ಕಚ್ಚಿಸಿ, ಸ್ಕ್ರೂ ಬಿಗಿದ. ಗ್ಯಾರೇಜಿನ ಮುಂದೆ ನಿಂತಿದ್ದಾಗ ಚೆನ್ನಾಗಿಯೇ ಕಾಣುತ್ತಿತ್ತು. ಊರು ದಾಟಿ ಮೊದಲನೇ ಹಂಪು ಹತ್ತಿ ಇಳಿದದ್ದೇ ಬಲಗಡೆಯದು ತಲೆಬಾಗಿಸಿ ನನ್ನ ಟೈರನ್ನು ತೋರಿಸತೊಡಗಿತು. ಕೈ ಚಾಚಿ ಸರಿಮಾಡಿದೆ. ಮುಂದಿನ ಹಳ್ಳಿಯ ಹಂಪಿನಲ್ಲಿ ಆಕಾಶಕ್ಕೆ ತಿರುಗಿತು. ಸುತ್ತೂರಿನ ಕಡೆ ದಾರಿ ಒಡೆಯುವ ಹೊತ್ತಿಗೆ ಎಡಗಡೆಯದು ಬಾಗಿಲಿನಿಂದಲೇ ಬಿಟ್ಟುಕೊಂಡು, ಬಣ್ಣವನ್ನು ಗೀರುತ್ತಾ ಜೋತಾಡುತ್ತಿತ್ತು. ಗಾಡಿ ನಿಲ್ಲಿಸಿ ಎರಡನ್ನೂ ಬಿಚ್ಚಿ ಹಿಂದಿನ ಸೀಟಿನ ಮೇಲೆ ಹಾಕಿದೆ. ತೂತು ಬೇಡವೆಂದು ಹೋಗಿ ಗೀರು ಹಾಕಿಸಿಕೊಂಡು ಬಂದ ಹಾಗಾಯಿತು. ನನಗೆ ಅಳುವೂ ಬರಲಿಲ್ಲ, ನಗುವೂ ಬರಲಿಲ್ಲ. ಕಬ್ಬಿನ ಗದ್ದೆಯ ಪಕ್ಕ, ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಸುಮ್ಮನೆ ಕೂತಿದ್ದೆ.

ಮಾರನೆಯ ದಿನ ಮತ್ತೆ ಗ್ಯಾರೇಜಿಗೆ ಹೋದೆ. ಅವನು ಗೀರನ್ನು ನೋಡಿ ತಲೆ ಕೆರೆದುಕೊಂಡ.

"ಅಳೇ ಕಾಲದ ಬಾಗ್ಲು ಮೇಡಮ್ಮೋರೇ, ಅಂಚು ದಪ್ಪ. ಕ್ಲಾಂಪು ಇಡ್ಯಾಕಿಲ್ಲ" ಎಂದ. ನಿನ್ನೆ ಅವನೇ ಅಲ್ಲಾಡಾಕಿಲ್ಲ ಅಂದಿದ್ದ. ಅದನ್ನು ನೆನಪಿಸುವಷ್ಟು ಶಕ್ತಿಯೂ ನನಗಿರಲಿಲ್ಲ.

"ತೂತು ಹೊಡೆದುಬಿಡಿ" ಎಂದೆ.

"ಯೋಸ್ನೆ ಮಾಡಿ. ಒಡುದ್ ಮ್ಯಾಲೆ ಮುಚ್ಚಾಕಾಗಲ್ಲ."

"ಮಾಡಿದೀನಿ. ಹೊಡೀರಿ."

ನಿಜ ಹೇಳಬೇಕೆಂದರೆ ಯೋಚನೆಯೇನೂ ಮಾಡಿರಲಿಲ್ಲ. ರಾತ್ರಿ ಮಲಗಿದಾಗ ಕಣ್ಣಿಗೆ ಬಂದದ್ದು ಆ ಹೆಣ್ಣುಮಗಳ ಅಂಗೈ. ಮೆರವಣಿಗೆಯ ಕಾರು ಬೇಕಾದವರಿಗೆ ಬೇಕು. ನನಗೆ ಬೆಳಿಗ್ಗೆ ಕಾಲೇಜಿಗೆ ಹೋಗಿ ಸಂಜೆ ಮನೆ ಸೇರುವ ಕಾರು ಬೇಕಾಗಿತ್ತು, ಯಾರನ್ನೂ ಬೀಳಿಸದೆ.

ಅವನು ಬಾಗಿಲ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿ ಡ್ರಿಲ್ಲು ಹಿಡಿದ. ನಾನು ಅಲ್ಲೇ ನಿಂತು ನೋಡಬೇಕೆಂದುಕೊಂಡಿದ್ದೆ. ಹಸಿರು ಬಣ್ಣದ ಪುಡಿ ಉದುರಿ, ಅದರ ಹಿಂದೆ ಬಿಳಿ ತಗಡಿನ ಸುರುಳಿ ಬರುವುದನ್ನು ನೋಡಿದಾಗ ಯಜಮಾನರು ಕೂತು ಉಜ್ಜುತ್ತಿದ್ದ ಜಾಗ ಅದೇ ಎನಿಸಿ, ಎದುರಿನ ಅಂಗಡಿಗೆ ಹೋಗಿ ಟೀ ಕೇಳಿದೆ. ಟೀ ಆರುವವರೆಗೂ ಸದ್ದು ಕೇಳಿಸುತ್ತಲೇ ಇತ್ತು.

ಹೊಂದಿಸುವ ಹೊತ್ತಿಗೆ ನನ್ನನ್ನು ಒಳಗೆ ಕೂರಿಸಿ ಅವನು ಹೊರಗೆ ಕನ್ನಡಿ ಹಿಡಿದು ನಿಂತ.

"ಈಗೇನ್ ಕಾಣ್ತದೆ?"

"ನಿಮ್ಮ ಹೊಟ್ಟೆ."

ಪಕ್ಕಕ್ಕೆ ಸರಿದು ಸ್ವಲ್ಪ ಹೊರಳಿಸಿದ. "ಈಗ?"

"ಟ್ರ್ಯಾಕ್ಟರು."

"ಆಂ! ಅದೇ ಬೇಕಾಗಿರದು. ಟ್ರ್ಯಾಕ್ಟರ್ ಕಂಡ್ರೆ ಎಲ್ಲಾ ಕಂಡಂಗೆ" ಎಂದು ಸ್ಕ್ರೂ ಬಿಗಿದ. ಬಹಳ ದಿನದ ಮೇಲೆ ನನಗೆ ಸ್ವಲ್ಪ ನಗು ಬಂತು.

ಆ ಸಂಜೆ ನಂಜನಗೂಡಿನ ದಾರಿ ಹಿಡಿದು ಊರಾಚೆ ಬಂದಾಗ ಬಲಗಡೆಯ ಕನ್ನಡಿಯನ್ನು ಮೊದಲ ಸಲ ನಿಜವಾಗಿ ನೋಡಿದೆ. ಅದರ ತುಂಬ ವಾಹನಗಳು. ಒಂದು ಬಸ್ಸು, ಅದರ ಹಿಂದೆ ಹಾಲಿನ ಟೆಂಪೊ, ಆಚೆ ಈಚೆ ಇಣುಕುವ ಮೋಟಾರುಬೈಕುಗಳು, ಎಲ್ಲಕ್ಕೂ ಹಿಂದೆ ಒಂದು ಕಬ್ಬಿನ ಲಾರಿ. ಎಲ್ಲರೂ ನನ್ನ ಹಿಂದೆ, ನನ್ನ ನಿಧಾನಕ್ಕೆ ತಕ್ಕ ಹಾಗೆ ಬರುತ್ತಿದ್ದರು. ಹಾರನ್ನು ಮೊದಲೂ ಕೇಳಿಸುತ್ತಿತ್ತು; ಈ ರಸ್ತೆಯಲ್ಲಿ ಹಾರನ್ನು ಯಾವಾಗಲೂ ಇರುವುದೇ ಎಂದುಕೊಂಡಿದ್ದೆ. ಅದು ನನಗೇ ಎಂದು ಅವತ್ತು ಗೊತ್ತಾಯಿತು. ಇಷ್ಟು ತಿಂಗಳೂ ಇವರೆಲ್ಲರ ಮನೆಯ ಊಟವನ್ನು ನಾನು ತಡಮಾಡಿಸಿದ್ದೆ.

ಎಡಕ್ಕೆ ಇಳಿಸಿ ನಿಲ್ಲಿಸಿದೆ. ಒಬ್ಬೊಬ್ಬರಾಗಿ ದಾಟಿ ಹೋದರು. ಬಸ್ಸಿನ ಡ್ರೈವರು ಕೈಯೆತ್ತಿದ, ಬೈಗುಳವೋ ನಮಸ್ಕಾರವೋ ತಿಳಿಯಲಿಲ್ಲ. ರಸ್ತೆ ಖಾಲಿಯಾದ ಮೇಲೆ ಮತ್ತೆ ಹೊರಟೆ. ಅಲ್ಲಿಂದಾಚೆ ಮನೆ ತಲುಪುವವರೆಗೆ ಹಾಗೆಯೇ ನಿಲ್ಲಿಸುತ್ತ, ದಾರಿ ಬಿಡುತ್ತ ಬಂದೆ. ಈಗಲೂ ಹಾಗೇ ಮಾಡುತ್ತೇನೆ. ಸ್ವಲ್ಪ ಮೊದಲೇ ಹೊರಡಬೇಕಾಗುತ್ತದೆ.

ಭಾನುವಾರ ಮೈದುನ ಬಂದ. ಗೇಟಿನಿಂದ ಸೀದಾ ಶೆಡ್ಡಿಗೆ ಹೋಗಿ ಬಾಗಿಲ ಬಳಿ ನಿಂತ. ಸ್ಕ್ರೂವಿನ ತಲೆಯನ್ನು ಹೆಬ್ಬೆರಳಿನಿಂದ ಮುಟ್ಟಿದ.

"ಕೊನೆಗೂ ಹೊಡೆಸ್ಬಿಟ್ರಾ ಅತ್ತಿಗೆ."

"ಕ್ಲಾಂಪು ನಿಲ್ಲಲಿಲ್ಲ ಕಣಪ್ಪ."

"ಅಣ್ಣ ಇದ್ದಿದ್ರೆ ಬಿಡ್ತಿರಲಿಲ್ಲ."

ಆ ಮಾತು ನನಗೆ ತಡೆಯಲಾಗಲಿಲ್ಲ. "ನಿಮ್ಮಣ್ಣ ಇದ್ದಿದ್ರೆ ನಾನು ಎಡಗಡೆ ಕೂತಿರ್ತಿದ್ದೆ. ಅವರಿಗೆ ನೋಡಿ ಹೇಳೋಕೆ ನಾನಿದ್ದೆ. ನನಗೆ ಯಾರಿದಾರೆ?" ಎಂದೆ. ಗಟ್ಟಿಯಾಗಿಯೇ ಎಂದೆನೇನೋ, ಪಕ್ಕದ ಮನೆಯವರು ಇಣುಕಿದರು. ಅವನು ಕಾಫಿಗೂ ನಿಲ್ಲದೆ ಹೋದ.

ಆಮೇಲೆ ಅವನಿಂದ ಫೋನಿಲ್ಲ. ಹಬ್ಬಕ್ಕೆ ಕರೆಯಲು ನನ್ನ ಓರಗಿತ್ತಿ, ಎಂದರೆ ಅವನ ಹೆಂಡತಿ, ಮಾಡಿದಳು. ನನಗೂ ಹೋಗಲು ಮನಸ್ಸಾಗಲಿಲ್ಲ. ಹುಷಾರಿಲ್ಲ ಎಂದೆ. ಅದೇನು ಪೂರ್ತಿ ಸುಳ್ಳಲ್ಲ.

ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅವನೇ ಫೋನು ಮಾಡಿದ. ಹೆಂಡತಿಗೆ ಕಣ್ಣಿನ ಪೊರೆಯ ಆಪರೇಷನ್ನು, ಮೈಸೂರಿನಲ್ಲಿ. ಹೇಳಿಟ್ಟಿದ್ದ ಟ್ಯಾಕ್ಸಿಯವನು ಕೈಕೊಟ್ಟಿದ್ದ. "ಕೇಳೋಕೆ ಮುಖ ಇಲ್ಲ ಅತ್ತಿಗೆ" ಎಂದ.

"ಮುಖದ ಮಾತು ಆಮೇಲೆ. ರೆಡಿಯಾಗಿರಿ, ಬರ್ತೀನಿ" ಎಂದು ಕಾಲೇಜಿಗೆ ರಜೆ ಹೇಳಿ ಕಳಲೆಗೆ ಹೋದೆ.

ಅವನು ನನ್ನ ಪಕ್ಕದಲ್ಲಿ ಕೂತ, ಓರಗಿತ್ತಿ ಹಿಂದೆ. ಹೆದ್ದಾರಿಗೆ ಸೇರುವಾಗ ನಾನು ಕನ್ನಡಿ ನೋಡುವುದನ್ನು ಅವನು ಗಮನಿಸುತ್ತಿದ್ದ. ಎಡಗಡೆಯ ಕನ್ನಡಿ ನನ್ನ ಕೈಗೆ ಎಟುಕುವುದಿಲ್ಲ. ಅದು ಸ್ವಲ್ಪ ಹೊರಳಿತ್ತು. ಅವನು ಕಿಟಕಿಯಿಂದ ಕೈ ಹಾಕಿ, "ಎಷ್ಟು ತಿರುಗಿಸ್ಲಿ?" ಎಂದು ಕೇಳಿ ಸರಿಮಾಡಿದ. ಅಷ್ಟರ ಮೇಲೆ ಕನ್ನಡಿಯ ಮಾತು ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ.

ಆಪರೇಷನ್ನು ಸುಸೂತ್ರವಾಗಿ ಆಯಿತು. ಮಧ್ಯಾಹ್ನ ಕಪ್ಪು ಕನ್ನಡಕ ಹಾಕಿದ್ದ ಓರಗಿತ್ತಿಯನ್ನು ಕಳಲೆಗೆ ಕರೆತಂದು ಬಿಟ್ಟಾಗ, "ಊಟ ಮಾಡ್ಕೊಂಡೇ ಹೋಗಿ ಅಕ್ಕ, ಹಾಗೇ ಹೋದ್ರೆ ನನ್ನಾಣೆ" ಎಂದಳು. ಅವತ್ತು ಮೈದುನನೇ ಅಡಿಗೆಗೆ ನಿಂತ. ಅವರೆಕಾಳು ಸಾರು, ಅನ್ನ, ಮಜ್ಜಿಗೆ. ಉಪ್ಪು ಕಡಿಮೆಯಾಗಿತ್ತು, ಆದರೂ ನಾನೂ ಅವಳೂ ಇನ್ನೊಮ್ಮೆ ಹಾಕಿಸಿಕೊಂಡೆವು. ಉಂಡು, ಒಂದು ಗಳಿಗೆ ಬೆನ್ನು ಚಾಚುತ್ತೇನೆಂದು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದೆ. ಯಜಮಾನರು ಹೋದ ಮೇಲೆ ಹಗಲು ಹೊತ್ತಿನಲ್ಲಿ ನಾನು ಹಾಗೆ ನಿದ್ದೆ ಮಾಡಿದ್ದೇ ಇಲ್ಲ. ಕನಸೂ ಬೀಳಲಿಲ್ಲ.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಯಾರೋ ನನ್ನ ಕಾಲಮೇಲೆ ಶಾಲು ಹೊದಿಸಿದ್ದರು. ಒಳಗಿನಿಂದ ಕಾಫಿ ಸೋಸುವ ವಾಸನೆ ಬರುತ್ತಿತ್ತು. ಏಳಬೇಕು, ಕತ್ತಲಾಗುವ ಮುಂಚೆ ಮನೆ ಸೇರಬೇಕು ಎಂದುಕೊಂಡೆ. ಆದರೂ ಕಾಫಿ ಬರುವವರೆಗೆ ಇರಲಿ ಎಂದು ಇನ್ನೊಂದು ಮಗ್ಗುಲಿಗೆ ಹೊರಳಿದೆ.