ಬಾನೆಟ್ಟಿನ ಮೇಲೆ ಬಂದ ರಕ್ತ

ಯಾದಗಿರಿಯ ಆ ಲ್ಯಾಬಿನಲ್ಲಿ ಮರಿಲಿಂಗನಷ್ಟು ಪಿರಿಪಿರಿ ಮನುಷ್ಯ ಇನ್ನೊಬ್ಬನಿಲ್ಲ. ರಕ್ತದ ಕೊಳವೆಗೆ ಹೆಸರಿನ ಚೀಟಿ ಓರೆಯಾಗಿ ಅಂಟಿಸಿದರೂ ತಕರಾರು. ವೈರಸ್ಸಿನ ಡಿಎನ್‌ಎ ಅಳೆಯುವ ಯಂತ್ರದ ಮುಂದೆ ಕೂತನೆಂದರೆ ಮುಗಿಯಿತು, ಪುಣ್ಯಾತ್ಮ ಚಹಾಕ್ಕೂ ಏಳುವವನಲ್ಲ. ಸುರಪುರದ ಪಕ್ಕದ ರಂಗಂಪೇಟೆಯ ಕುರಿ ಸಾಕುವ ಮನೆಯವನು.

ಈ ಸಲ ಬಂದದ್ದು ಅವನ ತಂಗಿ ನಂದಿನಿಯದೇ ರಕ್ತ. ಬಸುರಿ, ತವರಿಗೆ ಬಂದಿದ್ದಳು. ಲಿವರಿಗೆ ಹತ್ತುವ ಹೆಪಟೈಟಿಸ್ ಬಿ ಇದೆ ಎಂದು ಸುರಪುರದ ಡಾಕ್ಟರಮ್ಮ ಹೇಳಿದ್ದರು. ರಕ್ತದಲ್ಲಿ ವೈರಸ್ಸು ಮಿತಿ ದಾಟಿದ್ದರೆ ಹುಟ್ಟಿದ ಕೂಸಿಗೆ ಹಾಕುವ ಲಸಿಕೆಯೊಂದೇ ಸಾಲದು, ತಾಯಿಗೆ ಈಗಿನಿಂದಲೇ ಗುಳಿಗೆ ಶುರು ಮಾಡಬೇಕು. ಇಲ್ಲವಾದರೆ ಹೆರಿಗೆಯಲ್ಲಿ ಕೂಸಿಗೂ ಹತ್ತೀತು.

ಲೆಕ್ಕ ಬಂತು. ಮಿತಿಗಿಂತ ಎಷ್ಟೋ ಕೆಳಗೆ! ಹೋದ ಜೀವ ಬಂದಂತಾಗಿ ಮರಿಲಿಂಗ ಮನೆಗೆ ಸುದ್ದಿ ಮುಟ್ಟಿಸಿಯೇಬಿಟ್ಟ. ಆಮೇಲೆ, ರೂಢಿ ಬಿಡಬೇಕಲ್ಲ, ಪರದೆಯ ಇನ್ನೊಂದು ಗೆರೆ ನೋಡಿದ. ಯಂತ್ರ ಸರಿಯಾಗಿ ಅಳೆಯಿತೇ ಎಂದು ತಿಳಿಯಲು ಪ್ರತಿ ರಕ್ತಕ್ಕೂ ಅಳತೆ ಗೊತ್ತಿರುವ ಬೇರೊಂದು ಡಿಎನ್‌ಎ ಬೆರೆಸುತ್ತಾರೆ. ನಂದಿನಿಯ ಕೊಳವೆಯಲ್ಲಿ ಅದೂ ಸೊರಗಿತ್ತು. ಬೆರೆಸಿದ್ದನ್ನೇ ಪೂರ್ತಿ ಕಾಣದ ಯಂತ್ರ ವೈರಸ್ಸನ್ನು ಪೂರ್ತಿ ಕಂಡಿತೆಂದು ಹೇಗೆ ನಂಬುವುದು? ಕೊಳವೆ ಎತ್ತಿ ನೋಡಿದ. ಮೇಲೆ ತಿಳಿಹಳದಿಯಾಗಿ ನಿಲ್ಲಬೇಕಾದ ನೀರು ಕೆಂಪಗಿತ್ತು. ರಕ್ತದ ಕಣಗಳು ಕಾದು ಒಡೆದಿದ್ದವು, ಆ ಕೆಂಪು ಯಂತ್ರದ ಅಳತೆಗೆ ಅಡ್ಡ ಬಂದಿತ್ತು. ತಂಗಿಯದೆಂಬ ಗಡಿಬಿಡಿಯಲ್ಲಿ ಬೆಳಿಗ್ಗೆ ಅದನ್ನು ನೋಡದೆ ಬಿಟ್ಟವನು ಅವನೇ.

ಸುರಪುರದಿಂದ ರಕ್ತದ ಪೆಟ್ಟಿಗೆ ತಂದ ಬಸ್ಸಿನ ಕಂಡಕ್ಟರ್ ರಾಜಾಸಾಬನಿಗೆ ಫೋನ್ ಹಚ್ಚಿದ.

“ಫಿಕರ್ ಮಾಡಬ್ಯಾಡ್ರಿ. ಕೆಳಗ ಇಟ್ರ ಮಂದಿ ತುಳೀತಾರಂತ ಡ್ರೈವರ್ ಬಾಜೂಕ, ಇಂಜಿನ್ ಬಾನೆಟ್ ಮ್ಯಾಲ ಇಟ್ಟಿದ್ದೆ. ನಿಮ್ಮ ತಂಗಿ ಅಂದ್ರ ನಮ್ಮ ತಂಗಿ ಅಲ್ಲೇನ್ರಿ?”

ಆ ಬಾನೆಟ್ಟಿನ ಬಿಸಿಗೆ ಅಂಗೈ ಇಡಲಾಗುವುದಿಲ್ಲ. ಇಷ್ಟು ಅಕ್ಕರೆಯವನನ್ನು ಏನೆಂದು ಬಯ್ಯುವುದು! ಮರಿಲಿಂಗ ಮನೆಗೆ ಫೋನ್ ಹಚ್ಚಿದ.

ಮತ್ತೆ ರಕ್ತ ಬೇಕೆಂದದ್ದೇ ತಡ, ತಾಯಿ ಅಯ್ಯಮ್ಮ ಹರಿಹಾಯ್ದಳು.

“ಊರ ಮಂದಿಗೆಲ್ಲಾ ಒಂದ್ಸಲ, ನನ್ನ ಮಗಳಿಗೆ ಎರಡ್ಸಲ ಚುಚ್ಚಬೇಕೇನು? ಕಡಿಮಿ ಬಂದದ ಅಂದಿ, ಅದನ್ನಾ ಬರದು ಕೊಡಾಕ ನಿನಗೇನು ಧಾಡಿ?”

“ಅದು ಸುಳ್ಳು ಲೆಕ್ಕ ಯವ್ವಾ.”

ಮರುದಿನ ತಾನೇ ಸುರಪುರಕ್ಕೆ ಹೋಗಿ, ಹೊಸ ರಕ್ತದ ತಣ್ಣನೆಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದ. ಶಹಾಪುರ ದಾಟುವಾಗಲೂ ಅವನದು ಒಂದೇ ಬೇಡಿಕೆ, ಈ ಸಲವೂ ಕಡಿಮೆಯೇ ಬರಲಿ. ಬರಲಿಲ್ಲ. ಬೆರೆಸಿದ ಡಿಎನ್‌ಎ ಪೂರ್ತಿ ಕಂಡಿತು, ವೈರಸ್ಸು ಮಿತಿ ದಾಟಿ ಎಲ್ಲೋ ಹೋಗಿತ್ತು. ವರದಿ ಡಾಕ್ಟರಮ್ಮನಿಗೆ ತಲುಪಿತು, ಅವರು ಗುಳಿಗೆ ಬರೆದುಕೊಟ್ಟರು.

ಸಂಜೆ ನಂದಿನಿಯೇ ಫೋನ್ ಮಾಡಿದಳು.

“ಅಣ್ಣಾ, ಮೊದಲಿನ ಲೆಕ್ಕಾನ ಬರದು ಕೊಟ್ಟಿದ್ರ ಏನಾಗ್ತಿತ್ತು?”

“ಗುಳಿಗಿ ಕೊಡ್ತಿರಲಿಲ್ಲ ತಂಗಿ.”

ಆ ಕಡೆ ಅಳು ಕೇಳಿಸಿತು. ಅಯ್ಯಮ್ಮ ಫೋನ್ ಕಸಿದುಕೊಂಡಳು. ಮರಿಲಿಂಗ ಬೈಸಿಕೊಳ್ಳಲು ತಯಾರಾದ.

“ಗುಳಿಗಿ ಉಂಡ ಮ್ಯಾಲ ಕೊಡ್ಲೇನೋ, ಉಣ್ಣೂಕಿಂತ ಮೊದಲಾ?” ಎಂದಳು.