ಜೋಗುಪಾಳ್ಯದ ಅಂಗಳದಲ್ಲಿ ಬಿಚ್ಚಿದ ಎಂಜಿನ್ನು

ಎರಡನೇ ಮಹಾಯುದ್ಧ ಮುಗಿದ ಮೇಲೆ ಬೆಂಗಳೂರಿನ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಮಿಲಿಟರಿಯವರ ಹಳೆಯ ಮೋಟರ್ ಸೈಕಲ್ಲುಗಳನ್ನು ಹರಾಜು ಹಾಕಿದರು. ನನ್ನ ಗಂಡ ಅದರಲ್ಲೊಂದನ್ನು ತಂದು ಜೋಗುಪಾಳ್ಯದ ಮನೆಯ ಅಂಗಳದಲ್ಲಿ ನಿಲ್ಲಿಸಿದ ದಿನದಿಂದಲೇ ಅವರ ಅಣ್ಣನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ನನಗೆ ಅವರು ಭಾವ. ಮನೆ ಅವರದು, ಹಿಂಭಾಗದಲ್ಲಿ ನಾವಿಬ್ಬರೂ ಇದ್ದೆವು. ಹಲಸೂರು ಪೇಟೆಯಲ್ಲಿ ಅವರಿಗೆ ಬಟ್ಟೆ ಅಂಗಡಿಯಿತ್ತು. ತಮ್ಮ ಬಂದು ಅಂಗಡಿಯಲ್ಲಿ ಕೂರಬೇಕು, ಬಟ್ಟೆ ಅಳೆಯಬೇಕು ಎಂಬುದು ಅವರ ಹಟ. ನನ್ನ ಗಂಡನಿಗೆ ಹೊಲಿಗೆ ಮಿಷನ್ ರಿಪೇರಿ ಬಿಟ್ಟರೆ ಬೇರೇನೂ ಬೇಡ. ಬೆಳಿಗ್ಗೆ ಎದ್ದು ಸಾಮಾನಿನ ಚೀಲ ಕಟ್ಟಿಕೊಂಡು ಗಾಡಿ ಹತ್ತಿದರೆ ಕುಕ್ ಟೌನಿನ ಬಂಗಲೆಗಳು, ಬ್ಲಾಕ್‌ಪಲ್ಲಿಯ ದರ್ಜಿಗಳು ಎಂದು ಸುತ್ತಾಡಿ ಸಂಜೆಗೆ ಬರುತ್ತಿದ್ದರು. ಈಗ ಶಿವಾಜಿನಗರ ಎನ್ನುವ ಜಾಗವನ್ನು ಆಗ ನಾವು ಬ್ಲಾಕ್‌ಪಲ್ಲಿ ಎನ್ನುತ್ತಿದ್ದೆವು.

ಗಾಡಿ ಬಂದು ಒಂದು ವರ್ಷವಾಗುವ ಹೊತ್ತಿಗೆ ಅದು ವಿಪರೀತ ನಡುಗಲು ಶುರುಮಾಡಿತು. ಎಂಜಿನ್ನನ್ನು ಫ್ರೇಮಿಗೆ ಬಿಗಿದು ಹಿಡಿಯುವ ಕಬ್ಬಿಣದ ಪ್ಲೇಟೊಂದು ಮುಂದುಗಡೆ ಇತ್ತು. ಅದರಲ್ಲಿ ಬೋಲ್ಟು ಕೂರುವ ತೂತುಗಳು ಸವೆದು ಅಗಲವಾಗಿದ್ದವು. ವೇಗ ಹೆಚ್ಚಿಸಿದಾಗೆಲ್ಲ ಎಂಜಿನ್ನು ಕೂತಲ್ಲೇ ಎಗರುತ್ತಿತ್ತು. ಬದಲಾಯಿಸಬೇಕು ಎಂದು ಇವರು ಹೇಳುತ್ತಲೇ ಇದ್ದರು, ಓಡಿಸುತ್ತಲೂ ಇದ್ದರು. ಒಂದು ಮಧ್ಯಾಹ್ನ ಹಲಸೂರು ಕೆರೆಯ ಏರಿ ಹತ್ತಿರ ಎಂಜಿನ್ನು ಹಾಗೆ ಎಗರಿದ್ದಕ್ಕೆ ಚೈನು ಕಳಚಿಕೊಂಡು ಚಕ್ರಕ್ಕೆ ಸಿಕ್ಕಿ, ಇವರು ಬಿದ್ದು ಬಲ ಮುಂಗೈ ಮುರಿದುಕೊಂಡರು. ಆಸ್ಪತ್ರೆಯಿಂದ ಮೊಣಕೈವರೆಗೆ ಸುಣ್ಣದ ಕಟ್ಟು ಹಾಕಿಸಿಕೊಂಡು ಬಂದರು. ಗಾಡಿಯನ್ನು ಯಾರೋ ತಳ್ಳಿಕೊಂಡು ತಂದು ಬಿಟ್ಟುಹೋದರು.

ಭಾವ ಅಂದು ಸಂಜೆಯೇ ತೀರ್ಮಾನ ಹೇಳಿದರು. ಭಾನುವಾರ ಗುಜರಿಯವನನ್ನು ಕರೆಸುತ್ತೇನೆ, ಕೈ ವಾಸಿಯಾದ ಮೇಲೆ ತಮ್ಮ ಅಂಗಡಿಗೆ ಬರಲಿ ಎಂದರು. ಇವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಅದನ್ನು ನೋಡಿ ನನಗೆ ಬಂದ ಸಿಟ್ಟು ಭಾವನ ಮೇಲಿನದಕ್ಕಿಂತ ಇವರ ಮೇಲೇ ಹೆಚ್ಚು. ನಾನು ದಂಡಿನ ವರ್ಕ್‌ಷಾಪಿಗೆ ಹೋಗಿ ಕೇಳಿ ಬಂದೆ. ಗಾಡಿ ತಂದು ಬಿಡಿ, ಯಾವಾಗ ಆಗುತ್ತದೆ ಎಂದು ಹೇಳಲಾಗುವುದಿಲ್ಲ ಎಂದರು. ಮನೆಗೆ ಬಂದವಳೇ ಇವರಿಗೆ ಹೇಳಿದೆ, "ನೀವು ಬಾಯಲ್ಲಿ ಹೇಳಿ, ನಾನು ಬಿಚ್ತೀನಿ."

"ನಿನ್ ಕೈಲಾಗಲ್ಲ ಕಣೇ. ಸ್ಪ್ಯಾನರ್ ಹಿಡಿದಿದ್ದೀಯಾ ಯಾವತ್ತಾದ್ರೂ?"

"ನೀವು ಹುಟ್ಟಿದಾಗಲೇ ಹಿಡ್ಕೊಂಡ್ ಬಂದ್ರಾ?"

ಮರುದಿನ ಭಾವ ಅಂಗಡಿಗೆ ಹೋದ ಮೇಲೆ ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಅಂಗಳಕ್ಕಿಳಿದೆ. ಇವರು ಮಣೆ ಹಾಕಿಕೊಂಡು ಪಕ್ಕದಲ್ಲಿ ಕೂತರು. ಪ್ಲೇಟು ತೆಗೆದರೆ ಎಂಜಿನ್ನು ಕೆಳಗೆ ಜೋತುಬೀಳುತ್ತದೆ ಎಂದು ಮೊದಲು ಅದರ ಅಡಿಗೆ ಇಟ್ಟಿಗೆ ಜೋಡಿಸಿ, ಮೇಲೊಂದು ಮರದ ತುಂಡು ಇಡಿಸಿದರು. ನಟ್ಟುಗಳು ತುಕ್ಕು ಹಿಡಿದು ಕೂತಿದ್ದವು. ಸೀಮೆಎಣ್ಣೆ ಬಿಟ್ಟು ನೆನೆಸಿ, ತಿರುಗಿಸಿ, ಮತ್ತೆ ನೆನೆಸಿ, ಅಂಗೈಯ ಚರ್ಮ ಸುಲಿಯಿತು. ಇವರು ಹಾಗಲ್ಲ, ಹೀಗೆ ಎಂದು ಗದರುವರು; ನಾನು ಸ್ಪ್ಯಾನರ್ ಕೆಳಗಿಟ್ಟು ಸುಮ್ಮನೆ ಮುಖ ನೋಡುವೆ; ಆಮೇಲೆ ದನಿ ತಗ್ಗಿಸಿ ಹೇಳುವರು. ಬೇಲಿಯಾಚೆ ನೆರೆಯವರು ನಿಂತು ನೋಡತೊಡಗಿದರು. ನೀರಿಗೆ ಹೊರಟವರೂ ಕೊಡ ಇಳಿಸಿ ನಿಂತರು. ಅವರ ಕಡೆ ಬೆನ್ನು ಮಾಡದೆ, ಎದುರಿಗೇ ತಿರುಗಿ ಕೂತು ಕೊನೆಯ ಬೋಲ್ಟನ್ನು ಬಡಿದು ಹೊರತೆಗೆದೆ. ಪ್ಲೇಟು ಕೈಗೆ ಬಂದಾಗ ಅದರ ಒಂದು ಮೂಲೆ ಸೀಳಿರುವುದೂ ಕಂಡಿತು.

ಆ ಪ್ಲೇಟನ್ನು ಟವೆಲಿನಲ್ಲಿ ಸುತ್ತಿಕೊಂಡು ಬ್ಲಾಕ್‌ಪಲ್ಲಿಗೆ ಹೋದೆ. ಅಲ್ಲಿ ಇವರಿಗೆ ಗುರುತಿದ್ದ ಒಬ್ಬ ಸಾಹೇಬರದು ಕಬ್ಬಿಣದ ಬಿಡಿಭಾಗ ಮಾಡಿಕೊಡುವ ಲೇತ್ ಅಂಗಡಿಯಿತ್ತು. ಸಾಹೇಬರು ತಿರುಗಿಸಿ ಮುರುಗಿಸಿ ನೋಡಿ, ಬಿಚ್ಚಿದ್ದು ಯಾರು ಎಂದು ಕೇಳಿದರು. ನಾನೇ ಎಂದೆ. ಅವರು ನಗಲಿಲ್ಲ.

"ಫಿಟಿಂಗೂ ನೀವೇನಾ ಅಮ್ಮಾ? ಹಂಗಾದ್ರೆ ಹೊಸ ಪ್ಲೇಟಲ್ಲಿ ತೂತು ಒಂಚೂರು ಟೈಟಾಗೇ ಇಡ್ತೀನಿ. ಅರದಲ್ಲಿ ಉಜ್ಜಿ ಸರಿ ಮಾಡ್ಕೊಳ್ಳಿ. ಲೂಸ್ ಆದ್ರೆ ಮತ್ತೆ ಇದೇ ಕಥೆ."

ಶನಿವಾರ ಹೊಸ ಪ್ಲೇಟು ಬಂತು. ಅಂದು ಭಾವ ಮಧ್ಯಾಹ್ನವೇ ಮನೆಗೆ ಬಂದರು. ಪೇಟೆಯಲ್ಲಿ ಯಾರೋ ಹೇಳಿರಬೇಕು. ನಾನು ನೆಲದ ಮೇಲೆ ಕೂತು ತೂತಿಗೆ ಅರ ಹಾಕುತ್ತಿದ್ದೆ. ಮೈಕೈಯೆಲ್ಲ ಮಸಿ.

"ಎಲ್ರೆದುರಿಗೆ ಹೀಗ್ ಕೂತ್ಕೊಂಡ್ರೆ ನಮ್ಮ ಮರ್ಯಾದೆ ಏನಾಗ್ಬೇಕು? ಎದ್ದು ಒಳಗೆ ಹೋಗಮ್ಮ."

"ಕೆಲ್ಸ ಅರ್ಧದಲ್ಲಿದೆ ಭಾವ. ಮುಗಿಸಿ ಬರ್ತೀನಿ."

ಅವರು ತಮ್ಮನ ಕಡೆ ತಿರುಗಿದರು. ಇವರು ಮಣೆಯಿಂದ ಎದ್ದು, "ನಾನೇ ಹೇಳ್ಕೊಡ್ತಿದ್ದೀನಿ ಅಣ್ಣ" ಎಂದರು. ಅಣ್ಣನಿಗೆ ಇವರು ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಭಾವ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಭಾನುವಾರ ಬೆಳಗಾಗುತ್ತಲೇ ಪ್ಲೇಟು ಕೂರಿಸಲು ತೊಡಗಿದೆವು. ಮೇಲಿನ ಬೋಲ್ಟು ಸಲೀಸಾಗಿ ಹೋಯಿತು. ಕೆಳಗಿನದು ಒಂದು ಕೂದಲೆಳೆಯಷ್ಟು ತಪ್ಪಿ ನಿಂತಿತು; ಎಂಜಿನ್ನು ಭಾರಕ್ಕೆ ಸ್ವಲ್ಪ ಕುಸಿದಿತ್ತು. ಅಡುಗೆಮನೆಯಿಂದ ಒನಕೆ ತಂದು ಎಂಜಿನ್ನಿನ ಕೆಳಗೆ ತೂರಿಸಿದೆ. ಇವರು ಅದರ ತುದಿಯ ಮೇಲೆ ಮೈಭಾರ ಬಿಟ್ಟು ಒತ್ತಿದರು. ಎಂಜಿನ್ನು ಮೆಲ್ಲಗೆ ಎದ್ದಿತು, ಬೋಲ್ಟು ಸರಕ್ಕನೆ ಒಳಗೆ ಹೋಯಿತು. ನಟ್ಟು ಬಿಗಿಯುವಾಗ ಹಲ್ಲು ಕಚ್ಚಿ ಇಡೀ ಮೈಯನ್ನು ಸ್ಪ್ಯಾನರಿಗೆ ಕೊಟ್ಟೆ. ಕಳಚಿದ್ದ ಚೈನನ್ನೂ ಮತ್ತೆ ಏರಿಸಿದೆ.

ಅಷ್ಟರಲ್ಲಿ ಗುಜರಿಯವನು ಕೈಗಾಡಿ ತಳ್ಳಿಕೊಂಡು ಬಂದ. ಜೊತೆಗೆ ಭಾವ. ಏರಿಸಿಕೋ ಎಂದು ಅವನಿಗೆ ಹೇಳಿದರು. ನಾನು ಹ್ಯಾಂಡಲ್ ಹಿಡಿದು ಅಡ್ಡ ನಿಂತೆ. ಕಿಕ್ಕರ್ ಒದ್ದೆ. ಏನೂ ಆಗಲಿಲ್ಲ. ಮತ್ತೆ ಒದ್ದೆ. ಬೇಲಿಯಾಚೆ ಯಾರೋ ನಕ್ಕರು. ಇವರು ಹತ್ತಿರ ಬಂದು ಎಡಗೈಯಿಂದ ಪೆಟ್ರೋಲು ಬಿಡುವ ನಲ್ಲಿಯನ್ನು ತಿರುಗಿಸಿದರು. ಗಡಿಬಿಡಿಯಲ್ಲಿ ಅದನ್ನು ಇಬ್ಬರೂ ಮರೆತಿದ್ದೆವು. ಮತ್ತೊಂದು ಒದೆಗೆ ಗಾಡಿ ಶುರುವಾಯಿತು. ಎಂಜಿನ್ನು ಎಗರಲಿಲ್ಲ. ಅದರ ಮೇಲೆ ಅಂಗೈ ಇಟ್ಟು ನೋಡಿದೆ, ಹದವಾಗಿ ಮಿಡಿಯುತ್ತಿತ್ತು.

"ಓಡೋ ಗಾಡೀನ ಗುಜರಿಗೆ ಹಾಕಲ್ಲ ಭಾವ," ಎಂದೆ. ಸದ್ದಿನಲ್ಲಿ ಅವರಿಗೆ ಕೇಳಿಸಿತೋ ಇಲ್ಲವೋ, ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. ಗುಜರಿಯವನು ಅವರ ಮುಖ, ನನ್ನ ಮುಖ ನೋಡಿ, ಖಾಲಿ ಕೈಗಾಡಿ ತಿರುಗಿಸಿಕೊಂಡು ಹೋದ.

ಭಾವ ಕೂಗಾಡಲಿಲ್ಲ. ಹಾಗಿದ್ದರೆ ಬೇರೆ ಮನೆ ನೋಡಿಕೊಳ್ಳಿ ಎಂದಷ್ಟೇ ಹೇಳಿ ಒಳಗೆ ಹೋದರು. ನೋವಾಗಲಿಲ್ಲ ಎಂದರೆ ಸುಳ್ಳು. ಆದರೆ ಕ್ಷಮೆ ಕೇಳುವಂಥದ್ದೇನೂ ನಾನು ಮಾಡಿರಲಿಲ್ಲ, ಕೇಳಲಿಲ್ಲ. ಇವರ ಗಿರಾಕಿಯೊಬ್ಬರು, ವಯಸ್ಸಾದ ಹೆಂಗಸು, ಕುಕ್ ಟೌನಿನ ತಮ್ಮ ಬಂಗಲೆಯ ಹಿಂದಿನ ಔಟ್‌ಹೌಸನ್ನು ಬಾಡಿಗೆಗೆ ಕೊಟ್ಟರು. ಮಳೆ ಬಂದರೆ ಒಂದು ಮೂಲೆ ಸೋರುತ್ತಿತ್ತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಅಲ್ಲೇ ಬಾಳಿದೆವು.

ಇವರ ಕೈ ಕೂಡುವುದು ತಡವಾಯಿತು. ಅಷ್ಟು ದಿನ ಕೆಲಸ ಬಿಟ್ಟು ಕೂರುವ ಹಾಗಿರಲಿಲ್ಲ. ಕಗ್ಗದಾಸಪುರದ ಕಡೆ ಆಗ ಬರೀ ಹೊಲ, ಬಂಡಿ ಜಾಡು. ಬೆಳಿಗ್ಗೆ ಅಲ್ಲಿಗೆ ಹೋಗಿ ಓಡಿಸುವುದನ್ನು ಕಲಿತೆ. ರಾಗಿ ಹೊಲಕ್ಕೆ ಬಿದ್ದೆ, ಹೊಲದವರ ಬೈಗುಳ ತಿಂದೆ, ಎದ್ದು ಮತ್ತೆ ಹತ್ತಿದೆ. ಕೊನೆಗೊಂದು ಬೆಳಿಗ್ಗೆ ಇವರನ್ನು ಸಾಮಾನಿನ ಚೀಲದ ಸಮೇತ ಹಿಂದೆ ಕೂರಿಸಿಕೊಂಡು ಬ್ಲಾಕ್‌ಪಲ್ಲಿಯ ಮಾರ್ಕೆಟ್ ಬೀದಿಗೆ ಗಾಡಿ ತಂದೆ. ಜನ ಅಂಗಡಿ ಬಿಟ್ಟು ಹೊರಗೆ ಬಂದು ನೋಡಿದರು. ಒಬ್ಬ ತಮಿಳಿನಲ್ಲಿ ಏನೋ ಚುಚ್ಚಿ ಅಂದ. ಇವರು ಹಿಂದಿನಿಂದ, ಗಾಡಿ ನಿಲ್ಲಿಸೋದಾ ಎಂದು ಕೇಳಿದರು.

ಬೇಡ ಎಂದೆ. ಹಾರನ್ ಒತ್ತಿದೆ. ದಾರಿ ಬಿಟ್ಟರು.