ಚಾವಿ ನನ್ನ ಕೈಯಲ್ಲಿತ್ತು, ಉದ್ದೇಶವೂ ಒಳ್ಳೆಯದಿತ್ತು

ಬೆಳಿಗ್ಗೆ ಜೇವರ್ಗಿಯ ಕಾಲೇಜೊಂದರಲ್ಲಿ ‘ಲಿಖಿತ ಸಂವಿಧಾನ ಏಕೆ ಬೇಕು?’ ಎಂದು ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದ ಮನುಷ್ಯನೊಬ್ಬ, ಸಂಜೆ ಅಫಜಲಪುರ ತಾಲ್ಲೂಕಿನ ತನ್ನೂರಿಗೆ ಮರಳಿದವನೇ, ಮಗಳ ಮದುವೆಗೆಂದು ಸಮುದಾಯ ಭವನದ ಚಾವಿ ಕೇಳಲು ಬಂದ ತಾಯಿಯೊಬ್ಬರಿಗೆ ಕೊಡುವುದಿಲ್ಲ ಎಂದ. ಅಂಥವನನ್ನು ನೀವು ಏನೆಂದು ಕರೆಯುತ್ತೀರಿ?

ಸ್ವಲ್ಪ ಮೃದುವಾದ ಪದವನ್ನೇ ಆರಿಸಿ. ಆ ಮನುಷ್ಯ ನಾನೇ.

ಕಳೆದ ವರ್ಷ ನನ್ನನ್ನು ಆ ಭವನದ ಸಮಿತಿಗೆ ಅಧ್ಯಕ್ಷನನ್ನಾಗಿ ಮಾಡಿದರು. ನನ್ನ ಅರ್ಹತೆ? ಓದಿದವನು, ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವನು. ಚಾವಿ ಒಪ್ಪಿಸುವಾಗ ಸಮಿತಿಯ ಹಿರಿಯರಾದ ಮಲ್ಕಪ್ಪ ಕಾಕಾ, “ತಮ್ಮಾ, ನಾಕ್ ನಿಯಮ ಬರದಿಡೋಣೇನು?” ಎಂದಿದ್ದರು. ನಾನು ನಕ್ಕುಬಿಟ್ಟೆ. “ನಾ ಇರೂತನ ನಿಯಮ ಯಾಕ ಬೇಕು, ಕಾಕಾ?” (ಇದೇ ವಾಕ್ಯ ಎಷ್ಟು ಸಿಂಹಾಸನಗಳಿಂದ ಹೊರಬಿದ್ದಿದೆ ಎಂಬುದು ಆಗ ನೆನಪಾಗಲಿಲ್ಲ.)

ನಂತರ ಸುಧಾರಣೆ ಆರಂಭವಾಯಿತು. ಮೊದಲು ಡಿಜೆ ನಿಲ್ಲಿಸಿದೆ. ಊರು ಮೆಚ್ಚಿತು. ಊಟಕ್ಕೆ ಒಂದೇ ಸಿಹಿ ಎಂದೆ. ಊರು ಸಹಿಸಿತು. ಅಕ್ಷತೆಗೆ ಮುನ್ನ ಅಧ್ಯಕ್ಷರಿಂದ ಜಾಗೃತಿ ಭಾಷಣ ಕಡ್ಡಾಯ ಎಂದೆ. ಮುಷ್ಟಿಯಲ್ಲಿ ಅಕ್ಕಿಕಾಳು ಹಿಡಿದು ಬೆವರುತ್ತ ನಿಂತ ಜನರ ಮೌನವನ್ನು ನಾನು ತನ್ಮಯತೆಯೆಂದು ತಿಳಿದೆ.

ಕೊನೆಯ ಆಜ್ಞೆ ಆಯೇರಿಯ ಮೇಲೆ. ಮದುವೆಯಲ್ಲಿ ಬಂಧುಗಳು ಒಬ್ಬರಿಗೊಬ್ಬರು ಸೀರೆ, ಕುಪ್ಪಸದ ಬಟ್ಟೆ, ಟವೆಲ್, ಟೊಪ್ಪಿಗೆ ಕೊಡುವ ನಮ್ಮ ಕಡೆಯ ಪದ್ಧತಿ ಅದು. ಅವುಗಳಲ್ಲಿ ಎಷ್ಟೋ ಬಟ್ಟೆಗಳು ಮಡಿಕೆ ಬಿಚ್ಚದೆಯೇ ಆಳಂದದಿಂದ ಅಫಜಲಪುರಕ್ಕೆ, ಅಲ್ಲಿಂದ ಜೇವರ್ಗಿಗೆ, ಮದುವೆಯಿಂದ ಮದುವೆಗೆ ತಿರುಗುತ್ತಿರುತ್ತವೆ. ನಮ್ಮ ಮನೆಯಿಂದ ಹೊರಟ ಕುಪ್ಪಸದ ಬಟ್ಟೆಯೊಂದು ಊರೆಲ್ಲ ಸುತ್ತಿ ನಮ್ಮ ಮನೆಗೇ ಬಂದದ್ದೂ ಉಂಟು. ಇದು ದುಂದು ಅಲ್ಲವೇ? ಆಯೇರಿ ಮಾಡುವವರಿಗೆ ಭವನವಿಲ್ಲ ಎಂದು ಘೋಷಿಸಿದೆ.

ಆ ಸಂಜೆ ಬಂದವರು ಶಾಂತಕ್ಕ. ಗಂಡ ತೀರಿದ ಮೇಲೆ ಹೊಲ, ಮನೆ ಎರಡನ್ನೂ ಗಟ್ಟಿ ಗಂಟಲಿನಿಂದಲೇ ನಡೆಸಿದವರು. ಮರುದಿನ ಮಗಳ ಮದುವೆ. ಕಾರ್ಡು ಹಂಚಿಯಾಗಿತ್ತು. ಅಡುಗೆಯವರು ಪಾತ್ರೆಗಳೊಂದಿಗೆ ಭವನದ ಬಾಗಿಲಲ್ಲಿ ನಿಂತಿದ್ದರು. ಮಲ್ಕಪ್ಪ ಕಾಕಾ ಮತ್ತು ಸಮಿತಿಯವರು ಕಟ್ಟೆಯ ಮೇಲೆ ಕುಳಿತಿದ್ದರು.

“ಚಾವಿ ಕೊಡ್ರಿ, ಅಧ್ಯಕ್ಷರ.”

“ಆಯೇರಿ ಮಾಡಂಗಿಲ್ಲ ಅಂತ ಮಾತು ಕೊಡ್ರಿ, ಶಾಂತಕ್ಕ.”

“ಭೂಸನೂರಿಂದ ನಮ್ಮ ತಮ್ಮ ನನಗ ಸೀರಿ ತರಾಕತ್ತಾನ. ತವರಮನಿ ಸೀರಿ ಒಲ್ಲೆ ಅನ್ಲೇನು? ಮಾಡಬಾರದು ಅಂತ ಎಲ್ಲಿ ಬರದದ, ತೋರಿಸ್ರಿ.”

“ಬರಿಯೂದೇನದ? ನಾ ಹೇಳೇನಲ್ಲ.”

“ನಾಳಿ ಮದುಮಗಳು ಕೈಗೆ ಹಸರ ಬಳಿ ಇಟಗೋಬಾರದು ಅಂತ ನೀವಂದ್ರ?”

“ನಾ ಅಂಥಾಂವ ಅಲ್ರಿ.”

ಶಾಂತಕ್ಕ ಮೊಬೈಲ್ ತೆಗೆದರು. ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಆ ಮಧ್ಯಾಹ್ನವಷ್ಟೇ ಯಾರೋ ನನ್ನ ಭಾಷಣ ಹಾಕಿದ್ದರು. (ಆ ‘ಯಾರೋ’ ಕೂಡ ನಾನೇ.) ನನ್ನ ಧ್ವನಿ ಕಟ್ಟೆಯ ತುಂಬ ಮೊಳಗಿತು: “ಆಳುವವರ ಒಳ್ಳೆಯತನವೊಂದೇ ಪ್ರಜೆಗೆ ಆಸರೆಯಾದರೆ ಅದು ಹಕ್ಕಲ್ಲ, ದಯೆ. ದಯೆಯನ್ನು ಹಿಂಪಡೆಯಬಹುದು!” ಹಿಂದೆಯೇ ಚಪ್ಪಾಳೆ.

“ಇದು ನಿಮ್ಮ ದನೀನ ಅಲ್ರಿ?” ಎಂದರು ಶಾಂತಕ್ಕ.

“ಸಂದರ್ಭ ಬ್ಯಾರೆ...” ಎಂದು ಆರಂಭಿಸಿದೆ. ಅಧಿಕಾರದಲ್ಲಿರುವವರೆಲ್ಲ ಹೀಗೆಯೇ ಹೇಳುತ್ತಾರೆಂದು ಅದೇ ಭಾಷಣದ ಮುಂದಿನ ಭಾಗದಲ್ಲಿ ಗುಡುಗಿದ್ದೆ. ಪುಣ್ಯಕ್ಕೆ ಅವರು ಅಲ್ಲಿಯವರೆಗೆ ಕೇಳಿಸಲಿಲ್ಲ.

ಸೋತೆನೆಂದು ಗೊತ್ತಾದಾಗ ಚರ್ಚಾಪಟು ಉದಾರಿಯಾಗುತ್ತಾನೆ. “ಹೋಗ್ಲಿ, ಈ ಸಲ ಬಿಟ್ಟೇನಿ, ತಗೋರಿ” ಎಂದು ಚಾವಿ ಮುಂದೆ ಹಿಡಿದೆ. ಶಾಂತಕ್ಕ ಕೈ ಚಾಚಲಿಲ್ಲ.

“ಬಿಡಾಕ ನೀವು ಯಾರ್ರಿ? ಬರದು ಕೊಡ್ರಿ. ನಾಳಿ ಅಕ್ಷತಿ ಹೊತ್ತಿಗೆ ನಿಮ್ಮ ಮನಸ್ಸ ತಿರುಗಿದ್ರ ನನ್ನ ಮಗಳು ಎಲ್ಲಿ ನಿಲ್ಲಬೇಕು?”

ಸಮಿತಿ ಕಟ್ಟೆಯ ಮೇಲೆಯೇ ಸಭೆ ಸೇರಿ ನಿಯಮ ಬರೆಯಿತು. ಊರಿನ ಯಾರೇ ಮೊದಲು ಕೇಳಿದರೂ ಅವರಿಗೆ ಭವನ. ಏನು ಉಡುತ್ತಾರೆ, ಏನು ಉಣ್ಣುತ್ತಾರೆ, ಯಾರಿಗೆ ಏನು ಕೊಡುತ್ತಾರೆ ಎಂಬ ಕಾರಣಕ್ಕೆ ಅಧ್ಯಕ್ಷ ಚಾವಿ ತಡೆಯುವಂತಿಲ್ಲ. ಮಾತನಾಡಲು ಎಲ್ಲರೂ ಸ್ವತಂತ್ರರು. ಕೇಳಬೇಕೆಂಬ ಕಡ್ಡಾಯ ಯಾರಿಗೂ ಇಲ್ಲ. (ಇದು ಯಾರನ್ನು ಕುರಿತದ್ದೆಂದು ಯಾರೂ ಹೇಳಲಿಲ್ಲ. ಎಲ್ಲರೂ ನನ್ನನ್ನೇ ನೋಡಿದರು.)

ಒಂದು ತಿದ್ದುಪಡಿಗಾಗಿ ನಾನು ವೀರಾವೇಶದಿಂದ ಹೋರಾಡಿದೆ: ‘ಅಧ್ಯಕ್ಷರ ಉದ್ದೇಶ ಒಳ್ಳೆಯದಿದ್ದ ಸಂದರ್ಭವನ್ನು ಹೊರತುಪಡಿಸಿ.’

ಮಲ್ಕಪ್ಪ ಕಾಕಾ ಕನ್ನಡಕ ಸರಿಪಡಿಸಿಕೊಂಡರು. “ತಮ್ಮಾ, ಅದೊಂದು ಮಾತು ಸೇರಿಸಿದ್ರ ಉಳಿದದ್ದೆಲ್ಲ ಯಾಕ ಬರೀಬೇಕಪಾ?”

ಕಾಲೇಜಿನಲ್ಲಿ ಗಂಟೆಗಟ್ಟಲೆ ಮಾತನಾಡಿದರೂ ನಾನು ಹೇಳಲಾಗದೆ ಉಳಿದ ಮಾತು ಇದೇ ಇರಬೇಕು. ಸಂವಿಧಾನ ಆಳುವವರನ್ನು ಕೆಟ್ಟವರೆಂದು ಕರೆಯುವುದಿಲ್ಲ. ಅವರು ಒಳ್ಳೆಯವರಾಗಿಯೇ ಉಳಿಯುತ್ತಾರೆಂದು ನಂಬಿ ಕೂರುವುದಿಲ್ಲ, ಅಷ್ಟೆ. ಕೆಟ್ಟ ಅರಸನನ್ನು ಜನ ಬೇಗ ಗುರುತಿಸುತ್ತಾರೆ. ನಮ್ಮ ಉದ್ಧಾರಕ್ಕೆಂದೇ ಬಾಗಿಲು ಹಾಕುವ ಸಜ್ಜನನನ್ನು ತಡೆಯುವುದು ಹೇಗೆ? ಅವನ ಕಣ್ಣಲ್ಲಿ ಕಪಟವಿಲ್ಲ, ಕಿವಿಯಲ್ಲಿ ಮಾತ್ರ ತನ್ನದೇ ಧ್ವನಿ. ಅವನಿಗೆ ಎದುರಾಗಿ, ಅವನ ಮನಸ್ಸಿನೊಂದಿಗೆ ಬದಲಾಗದ ನಾಲ್ಕು ಸಾಲು ಎಲ್ಲಾದರೂ ಬರೆದಿರಲೇಬೇಕು.

ನಾನು ಸಹಿ ಹಾಕಿದೆ. ಶಾಂತಕ್ಕ ಆಗ ಚಾವಿ ತೆಗೆದುಕೊಂಡರು, ಥ್ಯಾಂಕ್ಸ್ ಹೇಳದೆ. ಹೇಳಬೇಕಾದ ಕಾರಣವೂ ಇರಲಿಲ್ಲ.

ಮರುದಿನ ಅವರು ಭೂಸನೂರಿನ ತಮ್ಮನು ತಂದ ಸೀರೆಯುಟ್ಟು ಭವನದ ತುಂಬ ಓಡಾಡಿದರು. ಆ ಸೀರೆಯ ಮಡಿಕೆ ಬಿಚ್ಚಿತ್ತು ಎಂಬುದನ್ನು ನನ್ನ ಸಿದ್ಧಾಂತ ಗಮನಿಸಬೇಕಾಯಿತು. ಆದರೂ ಆಯೇರಿ ದುಂದು ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ಅಕ್ಷತೆಯ ನಂತರ ಅದನ್ನೇ ಮೈಕಿನಲ್ಲಿ ಹೇಳಿದೆ. ಜನ ತಮ್ಮ ಹೊಸ ಹಕ್ಕನ್ನು ಚಲಾಯಿಸಿ ಊಟಕ್ಕೆ ಎದ್ದರು.

ಆಗ ಶಾಂತಕ್ಕ ಟವೆಲ್, ಟೊಪ್ಪಿಗೆ ಹಿಡಿದು ನನ್ನೆದುರು ಬಂದರು.

“ಆಯೇರಿ ತಗೋರಿ, ಅಧ್ಯಕ್ಷರ.”

“ಒಲ್ಲೆರಿ, ಅಕ್ಕ.”

“ಒಲ್ಲೆ ಅಂದ್ರ ಬಿಡ್ರಿ. ಊಟಕ್ಕ ಬರ್ರಿ, ಹುಗ್ಗಿ ಆರಾಕತ್ತದ.”

ಒಲ್ಲೆ ಎಂದವನ ತಟ್ಟೆಗೂ ಅವರು ತುಪ್ಪ ಸುರಿದು ಹುಗ್ಗಿ ಬಡಿಸಿದರು. ಬಡಿಸುವ ಸೌಟು ನನ್ನ ಕೈಯಲ್ಲಿದ್ದಿದ್ದರೆ?